ಚಿತ್ರವೇ ಹಾಗಿದೆ

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸಿಂಧನೂರಿನ ನಮ್ಮ ಮನೆಯ ಟಿ.ವಿ. ಕೆಟ್ಟಿತು. ವಾರ್ತೆ ಓದುತ್ತಿದ್ದ ಹೆಣ್ಣುಮಗಳ ಮುಖ ಮೊದಲು ಮೂರು ಪಟ್ಟಿಯಾಗಿ ಸೀಳಿತು. ಆಮೇಲೆ ಮುಖವೇ ಹೋಗಿ, ಹಸಿರು ಮತ್ತು ನೇರಳೆ ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿಯತೊಡಗಿದವು. ದನಿ ಮಾತ್ರ ನೆಟ್ಟಗಿತ್ತು. ವಾರ್ತೆ ಮುಗಿದು ಜಾಹೀರಾತಿನ ಸಂಗೀತ ಶುರುವಾಯಿತು. ಗೆರೆಗಳು ಅದಕ್ಕೆ ಹೊಂದುತ್ತವೋ ಇಲ್ಲವೋ ನೋಡೋಣವೆಂದು ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ಟಿ.ವಿ.ಯನ್ನು, ಸ್ವಲ್ಪ ಹೊತ್ತು ನನ್ನನ್ನು ನೋಡಿದಳು.

“ಟಿ.ವಿ. ಕೆಟ್ಟೈತಿ,” ಎಂದಳು.

“ಹ್ಞೂಂ.”

“ಮತ್ತ ಏನ್ ನೋಡಾಕತ್ತೀರಿ?”

“ಆ ನೇರಳೆ ಗೆರಿ ತಾಳಕ್ಕ ಕೂಡವಲ್ದು.”

ಆಕೆ ನೇರ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದಳು. “ಎರಡೂ ಕೆಟ್ಟಾವು, ಜಲ್ದಿ ಬಾರಪಾ,” ಎಂದದ್ದು ನನಗೆ ಕೇಳಿಸಿತು.

ಟಿ.ವಿ. ಸೋಮವಾರ ಸರಿಹೋಯಿತು. ಆದರೆ ಕೆಟ್ಟ ಟಿ.ವಿ.ಯ ಮುಂದೆ ಮೈಮರೆತು ಕೂರುವ ಮನುಷ್ಯ ನಾನು ಮೊದಲಿನಿಂದಲೂ ಆಗಿರಲಿಲ್ಲ ಎಂಬುದನ್ನು ನಿಮಗೆ ಹೇಳಬೇಕು. ಇಪ್ಪತ್ತೆಂಟು ವರ್ಷದಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸುದ್ದಿಯನ್ನು ಒಂದು ಪತ್ರಿಕೆಗೆ ಬರೆಯುತ್ತ ಬಂದವನು. ಮೂರೂ ಊರು ಒಂದೇ ರಸ್ತೆಯ ಮೇಲಿವೆ. ಬೆಳಿಗ್ಗೆ ಈ ತುದಿಯಲ್ಲಿ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಮೂರೂರ ಸುದ್ದಿ ಚೀಲದಲ್ಲಿರುತ್ತದೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂಬ ಐದು ಪ್ರಶ್ನೆಗೆ ಉತ್ತರ ಸಿಗುವತನಕ ನನಗೆ ಊಟ ರುಚಿಸುವುದಿಲ್ಲ. ಮದುವೆಗೆ ಹೋದರೂ ನಾಲ್ಕನ್ನು ಕೇಳಿಯೇ ಪಂಕ್ತಿಗೆ ಕೂರುತ್ತೇನೆ. ಯಾಕೆ ಎಂಬುದನ್ನು ಮಾತ್ರ ಮದುವೆಯಲ್ಲಿ ಕೇಳುವುದಿಲ್ಲ.

ಆರು ವರ್ಷದ ಹಿಂದೆ ಸಿಂಧನೂರಿನ ಒಂದು ಸಭಾಂಗಣದಲ್ಲಿ ಯುವಕರ ಸಂಘವೊಂದು ಈ ಭಾಗದವರು ಮಾಡಿದ ಕಿರುಚಿತ್ರಗಳ ಪ್ರದರ್ಶನ ಇಟ್ಟುಕೊಂಡಿತ್ತು. ಮಧ್ಯಾಹ್ನ ಮೂರಕ್ಕೆ ಶುರು. ಮೊದಲನೆಯದು ಕುಡಿತದ ಕೆಡುಕಿನ ಬಗ್ಗೆ, ಎರಡನೆಯದು ಹೆಲ್ಮೆಟ್ಟಿನ ಬಗ್ಗೆ. ಎರಡರಲ್ಲೂ ನಾಯಕ ಕೊನೆಗೆ ಆಸ್ಪತ್ರೆ ಸೇರಿದ. ಮೂರನೆಯದು ಶುರುವಾದಾಗ ಪರದೆ ಕಪ್ಪಾಯಿತು. ಒಂದು ಬಿಳಿ ಚುಕ್ಕಿ ಬಂತು. ಎರಡು ಬಂದವು. ಹಿಂದಿನಿಂದ ನೀಲಿ ಬಣ್ಣ ಎಣ್ಣೆ ಚೆಲ್ಲಿದಂತೆ ಹರಡಿತು. ಯಾವುದೋ ಮದ್ದಳೆಯಂಥ ವಾದ್ಯ ನುಡಿಯುತ್ತಿತ್ತು. ಮನುಷ್ಯರು ಬರುತ್ತಾರೆಂದು ಎಲ್ಲರೂ ಕಾದರು. ಬಂದದ್ದು ಹಳದಿ ಗೆರೆ.

“ಕೇಬಲ್ ನೋಡ್ಲೇ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಪ್ರೊಜೆಕ್ಟರ್ ನಡೆಸುತ್ತಿದ್ದವನು ಕೇಬಲ್ ಕಿತ್ತು, ಬಾಯಿಂದ ಊದಿ, ಮತ್ತೆ ಚುಚ್ಚಿದ. ಮತ್ತೆ ಅದೇ ಚುಕ್ಕಿ, ಅದೇ ನೀಲಿ. ಪಕ್ಕದಲ್ಲಿ ಕುಳಿತವರನ್ನು ಏನಾಯಿತೆಂದು ಕೇಳಿದೆ. “ಮಷಿನ್ ಕೆಟ್ಟೈತಿ ನೋಡ್ರಿ,” ಎಂದರು. ಅವರು ಯಾರು, ಅವರಿಗೆ ಮಷಿನ್ನಿನ ಬಗ್ಗೆ ಏನು ಗೊತ್ತು ಎಂದು ಕೇಳಲಿಲ್ಲ. ನಾಲ್ಕು ಗಂಟೆಗೆ ಕಾಲುವೆ ನೀರಿನ ಸಭೆಯಿತ್ತು. ಎದ್ದು ಹೋದೆ. ಮರುದಿನ ಐದನೇ ಪುಟದಲ್ಲಿ ಸುದ್ದಿ ಬಂತು: ‘ತಾಂತ್ರಿಕ ದೋಷ: ಕಿರುಚಿತ್ರ ಪ್ರದರ್ಶನಕ್ಕೆ ಅಡ್ಡಿ.’

ಎರಡು ದಿನದ ಮೇಲೆ ಫೋನ್ ಬಂತು.

“ಸಿಂಧನೂರು ವರದಿಗಾರರೇನ್ರಿ?”

“ಹೌದ್ರಿ.”

“ನಾ ಮಹಾದೇವಿ ಅಂತ್ರಿ, ಮಸ್ಕಿಯಿಂದ ಮಾತಾಡಾಕತ್ತೀನಿ. ನೀವು ತಾಂತ್ರಿಕ ದೋಷ ಅಂತ ಬರದೀರಲ್ರಿ, ಆ ದೋಷ ಮಾಡಾಕ ನನಗ ಹದಿನಾಲ್ಕು ತಿಂಗಳು ಹಿಡದೈತ್ರಿ.”

ನನ್ನ ವೃತ್ತಿಯಲ್ಲಿ ತರಾವರಿ ಬೈಗುಳ ಕೇಳಿದ್ದೇನೆ. ಹೆಸರು ತಪ್ಪಿದ್ದಕ್ಕೆ ಕೇಳಿದ್ದೇನೆ. ಜೀವಂತ ಇರುವವರ ಫೋಟೊ ಶ್ರದ್ಧಾಂಜಲಿಯ ಕೆಳಗೆ ಹೋದಾಗ ಆ ಜೀವಂತರಿಂದಲೇ ಕೇಳಿದ್ದೇನೆ. ಇಂಥದ್ದನ್ನು ಕೇಳಿರಲಿಲ್ಲ. ಆದರೂ ಸುಲಭವಾಗಿ ತಪ್ಪೊಪ್ಪಿಕೊಳ್ಳುವುದು ನಮ್ಮವರ ಅಭ್ಯಾಸವಲ್ಲ. ಪರದೆಯ ಮೇಲೆ ಚುಕ್ಕಿ, ಗೆರೆ ಬಿಟ್ಟು ಬೇರೆ ಏನೂ ಕಾಣಲಿಲ್ಲವಲ್ಲ ಎಂದೆ.

“ಹೌದ್ರಿ. ಚುಕ್ಕಿ, ಗೆರಿ ಬಿಟ್ಟು ಬ್ಯಾರೆ ಏನೂ ಹಾಕಿಲ್ರಿ ನಾ.”

ಸಮಸ್ಯೆ ಬೇರೆಯೇ ಇತ್ತು. ಮುಂದಿನ ವಾರ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಅದೇ ಚಿತ್ರ ತೋರಿಸಬೇಕಿತ್ತು. ಪ್ರಾಂಶುಪಾಲರು ನನ್ನ ಸುದ್ದಿ ಓದಿ ಅದನ್ನು ರದ್ದು ಮಾಡಿದ್ದರು. “ರಿಪೇರಿ ಮಾಡಿಸ್ಕೊಂಡು ಬಾರವ್ವ ಅಂದ್ರು,” ಎಂದಳು ಮಹಾದೇವಿ. “ಏನ್ ರಿಪೇರಿ ಮಾಡಿಸ್ಲಿ ಹೇಳ್ರಿ ನೀವ.”

ಮರುದಿನ ಮಸ್ಕಿಯ ಬಸ್ ಹತ್ತಿದೆ.

ಮಹಾದೇವಿ ಬಸ್ ನಿಲ್ದಾಣದ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವಳು. ಮೂವತ್ತೈದರ ಆಸುಪಾಸು. ಬೆಳಿಗ್ಗೆಯಿಂದ ಸಂಜೆತನಕ ಆಕೆಯ ಕೆಲಸವೆಂದರೆ ಮುಖ ಜೋಡಿಸುವುದು. ನಮ್ಮ ಕಡೆಯ ಬ್ಯಾನರ್ ನೀವು ನೋಡಿರಬೇಕು. ನಡುವೆ ಹುಟ್ಟುಹಬ್ಬದ ನಾಯಕರು, ಮೇಲೆ ಅವರ ನಾಯಕರು, ಕೆಳಗೆ ಶುಭ ಕೋರುವವರ ನಲವತ್ತು ತಲೆ, ಪ್ರತಿ ತಲೆಗೂ ಒಂದು ದುಂಡನೆಯ ಕಿಟಕಿ. ಯಾರ ತಲೆ ಯಾರದಕ್ಕಿಂತ ಒಂದು ಬೆರಳು ದೊಡ್ಡದಾಯಿತು ಎಂಬುದರ ಮೇಲೆ ಹಳ್ಳಿಗಳಲ್ಲಿ ಮಾತುಬಿಟ್ಟವರಿದ್ದಾರೆ. ನಾನು ಹೋದಾಗಲೂ ಇಬ್ಬರು ಕೌಂಟರಿಗೆ ಆತುಕೊಂಡು, “ಅಕ್ಕಾರ, ಅವನ ಮುಖ ಒಂಚೂರು ಸಣ್ಣ ಮಾಡ್ರಿ, ಅವ ನಿನ್ನೆ ಬಂದಾನ ಪಾರ್ಟಿಗೆ,” ಎನ್ನುತ್ತಿದ್ದರು.

ಅವರನ್ನು ಕಳಿಸಿ ಮಹಾದೇವಿ ನನ್ನತ್ತ ತಿರುಗಿದಳು. “ನೋಡಿದ್ರಲ್ರಿ? ಹನ್ನೊಂದು ವರ್ಷ ಆತು. ಕಣ್ಣು ಮುಚ್ಚಿದ್ರೂ ಮುಖ, ತೆರದ್ರೂ ಮುಖ. ಮುಖ ಇಲ್ಲದ್ದು ಒಂದು ಏನರ ಮಾಡಬೇಕು ಅನಿಸ್ತು.”

ಹೀಗೆ, ಏನನ್ನೂ ತೋರಿಸದ ಚಿತ್ರವೊಂದನ್ನು ಯಾಕೆ ಮಾಡುತ್ತಾರೆ ಎಂಬ ನನ್ನ ಐದನೇ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಸಿಕ್ಕಿತು. ನಾನು ಟಿಪ್ಪಣಿ ಪುಸ್ತಕ ತೆಗೆದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಸಿಮೆಂಟ್ ಇಟ್ಟಿಗೆ ಸಾಲುಗಳ ಮೇಲೆ ಹಳೆಯ ಕಿಟಕಿಯ ಗಾಜು ಮಲಗಿಸಿದ್ದಳು. ಗಾಜಿನ ಕೆಳಗೆ ಟ್ಯೂಬ್‌ಲೈಟು. ಮೇಲೆ, ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿದ ಫೋನು. ಗಾಜಿನ ಮೇಲೆ ಅಡುಗೆ ಎಣ್ಣೆ, ಫ್ಲೆಕ್ಸ್ ಮಷಿನ್ನಿನ ಬಾಟಲಿ ತಳದಲ್ಲಿ ಉಳಿದ ಶಾಯಿ, ರಂಗೋಲಿ ಪುಡಿ, ಭತ್ತದ ಹೊಟ್ಟು. ಹಣಿಗೆಯ ತುದಿಯಿಂದ ಒಂದು ಹನಿಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಮತ್ತೊಂದು. ಒಂದು ಸೆಕೆಂಡಿಗೆ ಹನ್ನೆರಡು. ಚಿತ್ರ ನಾಲ್ಕು ನಿಮಿಷದ್ದು. ನಾನು ಅಲ್ಲೇ ಗುಣಿಸಿದೆ: ಎರಡು ಸಾವಿರದ ಎಂಟುನೂರ ಎಂಬತ್ತು. ಇನ್ನೊಮ್ಮೆ ಗುಣಿಸಿದೆ. ಅಷ್ಟೇ ಬಂತು.

ಆ ಕೋಣೆಯ ಮೂಲೆಯಲ್ಲಿ ಬಿಳಿ ಧೋತರದ ಒಬ್ಬ ಮುದುಕರು ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಹರಿಪದ ಮಂಡಲ್. ಭತ್ತ ಬೆಳೆಯುವ ಬಂಗಾಳಿ ರೈತರು. ಕ್ಯಾಂಪಿನ ಕೀರ್ತನೆಗೆ ಖೋಲ್ ಬಾರಿಸುವವರು. ಖೋಲ್ ಎಂದರೆ ಮಣ್ಣಿನ ಮೈಯ ಮದ್ದಳೆ: ಒಂದು ಬಾಯಿ ಅಂಗೈಯಷ್ಟು ಸಣ್ಣದು, ಇನ್ನೊಂದು ದೊಡ್ಡದು. ಕೀರ್ತನೆಯ ಬ್ಯಾನರ್ ಕೊಡಲು ಹೋದಾಗ ಮಹಾದೇವಿ ಅದನ್ನು ಕೇಳಿ, ಬ್ಯಾನರ್ ಮರೆತು, ಫೋನಿನಲ್ಲಿ ಧ್ವನಿ ಹಿಡಿದುಕೊಂಡು ಬಂದಿದ್ದಳು. ಆಕೆ ಅವರನ್ನು ಕಾಕಾ ಎನ್ನುತ್ತಾಳೆ. ಅವರು ಆಕೆಯನ್ನು, ಬಂಗಾಳಿಗಳು ಮಗಳಂಥವರನ್ನು ಕರೆಯುವಂತೆ, ಮಾ ಎನ್ನುತ್ತಾರೆ. ಸಿಂಧನೂರಿನ ಪ್ರದರ್ಶನದ ದಿನವೇ ಅವರ ಹೊಲಕ್ಕೆ ಕೊಯ್ಲಿನ ಮಷಿನ್ ಬಂದದ್ದರಿಂದ ಅವರು ಬಂದಿರಲಿಲ್ಲ.

“ಪೇಪರ್ ಬಾಬು, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೀನಿ,” ಎಂದರು ಹರಿಪದ ಕಾಕಾ. “ಕ್ಯಾಂಪಿನ್ಯಾಗ ಪೇಪರ್ ಓದಿ ಹೇಳಿದ್ರು, ಕೆಟ್ಟೋತು ಅಂತ. ನನ್ನ ಕೈಯಾಗ ಏನರ ತಪ್ಪಾತೇನ್ರಿ? ತಪ್ಪಾಗಿದ್ರ ಹೇಳ್ರಿ. ಮತ್ತೊಮ್ಮೆ ಬಾರಸ್ತೀನಿ, ಅದಕ್ಕ ತಂದೀನಿ.” ಬಟ್ಟೆ ಸರಿಸಿ ಖೋಲ್ ತೋರಿಸಿದರು.

“ಕಾಕಾ, ಎಷ್ಟ್ ಸಲ ಹೇಳ್ಲಿ? ನಿಮ್ಮದೇನೂ ತಪ್ಪಿಲ್ಲ. ತಪ್ಪು ಮಾಡಿದವರು ನಿಮ್ಮ ಮುಂದ ನಿಂತಾರ,” ಎಂದಳು ಮಹಾದೇವಿ.

ನಾನು ಕುಳಿತೆ. ನಿಂತಿರುವುದು ಸರಿ ಅನ್ನಿಸಲಿಲ್ಲ.

ಕಾಕಾಗೆ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು, ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಆದರೂ ದೃಷ್ಟಿ ಬಂದೇ ಬರುತ್ತದೆ ಎನ್ನಲು ಆಗದೆಂದು ಡಾಕ್ಟರು ಹೇಳಿದ್ದರಂತೆ. ಫೋನನ್ನು ಮೂಗಿಗೆ ತಾಗಿಸಿಕೊಂಡರೂ ಅವರಿಗೆ ಚಿತ್ರ ಕಾಣದು. ಕಂಪ್ಯೂಟರಿನಲ್ಲಿ ಬರೀ ಬೆಳಕು. ಗೋಡೆಯಷ್ಟು ದೊಡ್ಡದಾದರೆ ಕಂಡೀತು. ಲಿಂಗಸುಗೂರಿನ ಪ್ರದರ್ಶನ ಇದ್ದದ್ದು ಆಪರೇಷನ್‌ಗೆ ಮೂರು ದಿನ ಮುಂಚೆ. “ನಾ ಬಾರಸಿದ್ದು ಕಣ್ಣಿಗೆ ಹೆಂಗ ಕಾಣ್ತದ ಅಂತ ಒಮ್ಮೆ ನೋಡಬೇಕ್ರಿ, ಅಷ್ಟ,” ಎಂದರು. ಬಸ್ಸಿನ ವೇಳೆ ಹೇಳುವ ದನಿಯಲ್ಲಿ ಹೇಳಿದರು.

ತಿದ್ದುಪಡಿ ಹಾಕಿಸುವುದೆಂದು ಅಲ್ಲೇ ತೀರ್ಮಾನಿಸಿದೆ. ಆದರೆ ತಿದ್ದುಪಡಿಗೆ ಒಂದು ನಿಯಮವಿದೆ. ಹೀಗಾಗಿರಲಿಲ್ಲ ಎಂದರೆ ಸಾಲದು, ಏನಾಗಿತ್ತು ಎಂದು ಬರೆಯಬೇಕು. ಏನಾಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಚಿತ್ರ ಹಾಕಲು ಹೇಳಿ ಕಂಪ್ಯೂಟರಿನ ಮುಂದೆ ಕುಳಿತೆ.

ಮೊದಲ ಸಲ ಪ್ರಶ್ನೆ ಕೇಳುತ್ತ ನೋಡಿದೆ.

“ಈ ನೀಲಿ ಏನು? ಕಾಲುವೆ?”

“ನೀಲಿ ರೀ.”

“ಈ ಚುಕ್ಕಿ? ಭತ್ತದ ಕಾಳು?”

“ಚುಕ್ಕಿ ರೀ.”

“ಒಟ್ಟು ಅರ್ಥ ಏನು?”

“ಸರ್, ಕಾಕಾ ಖೋಲ್ ಬಾರಸೂವಾಗ ಅರ್ಥ ಏನಂತ ಯಾರರ ಕೇಳ್ತಾರೇನ್ರಿ? ತಲಿ ಆಡಸ್ತಾರ. ಕಣ್ಣು ಏನ್ ಪಾಪ ಮಾಡೈತಿ? ಅದಕ್ಕೂ ಒಂಚೂರು ತಲಿ ಆಡಸಾಕ ಬಿಡ್ರಿ.”

ಎರಡನೇ ಸಲ ಪುಸ್ತಕ ಮುಚ್ಚಿಟ್ಟೆ. ಸಣ್ಣ ಬಾಯಿಯ ಟಿಂ ಎಂಬ ಪೆಟ್ಟಿಗೆ ಬಿಳಿ ಚುಕ್ಕಿ ಹುಟ್ಟುವುದು, ದೊಡ್ಡ ಬಾಯಿಯ ಘುಂ ಎಂಬುದಕ್ಕೆ ನೀಲಿ ಹರಡುವುದು ಆಗ ಗಮನಕ್ಕೆ ಬಂತು. ನಡೆ ಚುರುಕಾದಾಗ ಚುಕ್ಕಿಗಳು ಒಂದನ್ನೊಂದು ಬೆನ್ನಟ್ಟಿ, ಹಳದಿ ಗೆರೆಯನ್ನು ಹಾರಿ, ನೀಲಿಯಲ್ಲಿ ಮುಳುಗಿ, ಆಚೆ ಕಡೆ ಹೊಟ್ಟಿನ ರಾಶಿಯಾಗಿ ಏಳುತ್ತಿದ್ದವು. ಮೂರನೇ ಸಲ ನಡುವೆ ಒಂದು ಕಡೆ ಖೋಲ್ ಥಟ್ಟನೆ ನಿಂತಿತು. ಎಲ್ಲ ಬಣ್ಣ ಸರಿದು ಒಂದೇ ಒಂದು ಚುಕ್ಕಿ ಉಳಿಯಿತು. ಅದು ಅಲ್ಲೇ ನಿಂತು ಸಣ್ಣಗೆ ನಡುಗುತ್ತಿತ್ತು, ಎರಡು ಸೆಕೆಂಡ್. ಮುಂದೇನಾಗುತ್ತದೋ ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ. ಹಿಂದೆ ಎರಡು ಸಲ ನೋಡಿದ್ದೇನೆ, ಮುಂದೇನೆಂದು ಗೊತ್ತು. ಆದರೂ ಉಸಿರು ಹಿಡಿದುಕೊಂಡಿದ್ದೆ. ಖೋಲ್ ಮತ್ತೆ ಮೊದಲಾಗಿ ಚುಕ್ಕಿ ಜಿಗಿದಾಗ ನನ್ನ ಬಾಯಿಂದ “ಹಾಂ” ಎಂದು ಬಂತು. ಎಷ್ಟೋ ಚುನಾವಣೆಗಳ ಎಣಿಕೆ ಕೇಂದ್ರದಲ್ಲಿ ಕುಳಿತಿದ್ದೇನೆ. ಅಲ್ಲಿ ಹಾಗೆ ಬಂದಿಲ್ಲ.

ಮೂಲೆಯಿಂದ ಕಾಕಾ ಕೇಳಿದರು, “ಏನಾತು ಬಾಬು?”

“ಚುಕ್ಕಿ ಜಿಗೀತು ಕಾಕಾ.”

“ಹೌದಾ?” ಎಂದು ಅವರು ಹಿಗ್ಗಿದರು. “ಎತ್ತ ಕಡೆ?”

ಎತ್ತ ಕಡೆ ಎಂದು ಹೇಳಲು ಬರಲಿಲ್ಲ. ಕೈ ಆಡಿಸಿದೆ. ಅದೂ ಅವರಿಗೆ ಕಾಣಲಿಲ್ಲ.

ಸಂಜೆ ಸಿಂಧನೂರಿಗೆ ಬಂದು ನಲವತ್ತು ಸಾಲು ಬರೆದೆ. ಅಷ್ಟು ಚೆನ್ನಾದ ವರದಿ ನಾನು ಬರೆದಿರಲಿಲ್ಲ ಎಂದು ಆಗ ಅನ್ನಿಸಿತ್ತು. ಆ ಎರಡು ಸೆಕೆಂಡಿನ ಬಗ್ಗೆಯೇ ಒಂಬತ್ತು ಸಾಲಿದ್ದವು. ‘ಹಿರಿಯ ವಾದಕರು ಇಲ್ಲಿ ಧ್ಯಾನದ ಮೌನವನ್ನು ಸಾಧಿಸಿದ್ದಾರೆ’ ಎಂದು ಬರೆದಿದ್ದೆ. ಅದನ್ನು ಕಳಿಸಿದ ಅರ್ಧ ಗಂಟೆಗೆ ಡೆಸ್ಕಿನ ಮುಖ್ಯಸ್ಥರು ಫೋನ್ ಮಾಡಿದರು.

“ಏನ್ರೀ ಇದು? ಚುಕ್ಕಿ ಜಿಗೀತು, ನೀಲಿ ಹರಡ್ತು! ಯಾರ್ ಓದ್ತಾರ್ರಿ ಇದನ್ನ? ದೋಷ ಇತ್ತೋ ಇಲ್ಲೋ, ಅಷ್ಟ ಹೇಳ್ರಿ.”

“ಇರಲಿಲ್ರಿ.”

“ಮತ್ತ ಏನಾಗಿತ್ತು?”

“ಏನೂ ಆಗಿರಲಿಲ್ರಿ. ಚಿತ್ರಾನ ಹಂಗೈತಿ.”

“ಅಷ್ಟ ಹಾಕ್ತೀನಿ ತಗೋರಿ.”

ಮರುದಿನ ಐದನೇ ಪುಟದ ಕೆಳಗಡೆ, ಒಂದು ಟ್ರ್ಯಾಕ್ಟರ್ ಜಾಹೀರಾತಿನ ಪಕ್ಕ ಬಂತು: ‘ತಿದ್ದುಪಡಿ: ಸಿಂಧನೂರಿನ ಕಿರುಚಿತ್ರ ಪ್ರದರ್ಶನದಲ್ಲಿ ತಾಂತ್ರಿಕ ದೋಷ ಇರಲಿಲ್ಲ. ಚಿತ್ರವೇ ಹಾಗಿದೆ.’

ಮಹಾದೇವಿಗೆ ಯಾವ ಮುಖದಿಂದ ಫೋನ್ ಮಾಡುವುದೆಂದು ಯೋಚಿಸುತ್ತ ಬೆಳಿಗ್ಗೆ ಚಹಾದಂಗಡಿಗೆ ಹೋದೆ. ಚಹಾ ಕೊಡುವವನು ಪೇಪರ್ ಹಿಡಿದುಕೊಂಡೇ ಬಂದ. “ಸರ್, ಹಂಗೈತಿ ಅಂದ್ರ ಹೆಂಗೈತ್ರಿ?” ಎಂದ. ಮಸ್ಕಿ ಬಸ್ಸಿನ ಕಂಡಕ್ಟರ್ ಕೇಳಿದ. ಗೊರೇಬಾಳದಿಂದ ಒಬ್ಬ ರೈತರು ಫೋನ್ ಮಾಡಿ ಕೇಳಿದರು. ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರಿಲ್ಲವೆಂದು ನಾನು ಬರೆದ ಮೂರು ಕಂತಿನ ಲೇಖನಕ್ಕೆ ಬಾರದಷ್ಟು ಫೋನು ಆ ಒಂದು ಸಾಲಿಗೆ ಬಂದವು. ಹನ್ನೊಂದು ಗಂಟೆಗೆ ಲಿಂಗಸುಗೂರಿನ ಪ್ರಾಂಶುಪಾಲರದೂ ಬಂತು.

“ಚಿತ್ರಾನ ಹಂಗೈತಿ ಅಂತ ಹಾಕೀರಲ್ಲ, ಹಂಗಂದ್ರೇನ್ರಿ?”

“ನೋಡಿದ್ರ ಗೊತ್ತಾಗ್ತದ ಸರ್. ನಾನು ಹೇಳಾಕ ಹೋಗಿ ನಲವತ್ತು ಸಾಲು ಕಳಕೊಂಡೀನಿ.”

“ನಮ್ಮ ಹುಡುಗ್ರು ಮುಂಜಾನಿಂದ ಅದನ್ನ ಕೇಳಾಕತ್ತಾರ. ಕರಕೊಂಡು ಬರ್ರಿ ಅವರನ್ನ.”

ನಿಗದಿಯಾದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪ್ರದರ್ಶನ. ಸಭಾಂಗಣಕ್ಕೆ ಎಂಟು ಕಿಟಕಿ, ಒಂದಕ್ಕೂ ಪರದೆಯಿಲ್ಲ. ಬಿಸಿಲು ಒಳಗೆ ಬಂದು ಬೆಂಚಿನ ಮೇಲೆ ಕುಳಿತಿತ್ತು. ಮಹಾದೇವಿ ಅದನ್ನು ಮೊದಲೇ ವಿಚಾರಿಸಿಕೊಂಡಿದ್ದಳು. ಹಳೆಯ ಫ್ಲೆಕ್ಸ್ ಬ್ಯಾನರುಗಳ ಒಂದು ಸುರುಳಿ ತಂದು ಎಂಟೂ ಕಿಟಕಿಗೆ ಎರಡೆರಡು ಪದರ ಕಟ್ಟಿದಳು, ಖಾಲಿ ಬೆನ್ನು ಒಳಗಡೆಗೆ. ನಾಯಕರೂ ಶುಭ ಕೋರುವವರೂ ಎಲ್ಲರೂ ಕೈಮುಗಿದುಕೊಂಡು ಹೊರಗಿನ ಬೇವಿನ ಮರ ನೋಡುತ್ತ ನಿಂತರು.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಿಂದಲೂ ಮುಂದೆ, ಪರದೆಗೆ ನಾಲ್ಕು ಮೊಳದಲ್ಲಿ ಕುರ್ಚಿ ಹಾಕಿ ಕಾಕಾರನ್ನು ಕೂರಿಸಿದೆವು. ಕಪ್ಪಾಯಿತು. ಚುಕ್ಕಿ ಬಂತು. ಹಿಂದೆ ಯಾರೋ “ಶುರುವಾತಲೇ, ಹಂಗ ಆತು!” ಎಂದು ನಕ್ಕರು. ಆಮೇಲೆ ನೀಲಿ ಹರಡಿದಾಗ ನಗೆ ಕಡಿಮೆಯಾಯಿತು. ಕಾಕಾರ ಬೆರಳು ಮೊಣಕಾಲಿನ ಮೇಲೆ ಆಡತೊಡಗಿದ್ದವು. ಸಣ್ಣ ಪೆಟ್ಟಿಗೆ ಚುಕ್ಕಿ, ದೊಡ್ಡ ಪೆಟ್ಟಿಗೆ ನೀಲಿ. ಮುಖದ ಮೇಲೆ ಒಮ್ಮೆ ಬಿಳಿ, ಒಮ್ಮೆ ನೀಲಿ ಬೆಳಕು. ಹುಡುಗಿಯರ ಸಾಲಿನಲ್ಲಿ ಕಾಲು ತಾಳ ಹಾಕುತ್ತಿದ್ದವು. ನನ್ನ ಎರಡು ಸೆಕೆಂಡು ಬಂತು. ಖೋಲ್ ನಿಂತಿತು, ಒಂದೇ ಚುಕ್ಕಿ ಉಳಿಯಿತು, ಇಡೀ ಸಭಾಂಗಣ ಗಪ್ಪಾಯಿತು.

ಆ ಮೌನದಲ್ಲಿ ಕಾಕಾ ಹಿಂದಕ್ಕೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು: “ಮಾ! ಇಲ್ಲಿ ನನಗ ಕೆಮ್ಮು ಬಂದಿತ್ತು!”

ಸಭಾಂಗಣ ನಗೆಯಲ್ಲಿ ಎದ್ದು ಕುಳಿತಿತು. ಚುಕ್ಕಿ ಜಿಗಿದದ್ದನ್ನು ಅರ್ಧ ಜನ ನೋಡಲಿಲ್ಲ. ಗೋಡೆಗೆ ಆತು ನಿಂತಿದ್ದ ಮಹಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನತ್ತ ನೋಡಿದಳು. ಕೆಮ್ಮಿನ ಸದ್ದನ್ನು ತೆಗೆದಿದ್ದೆ, ಹೊತ್ತನ್ನು ಹಾಗೇ ಬಿಟ್ಟಿದ್ದೆ ಎಂದು ಆಮೇಲೆ ಹೇಳಿದಳು. “ಕಾಕಾ ನಿಂತಿದ್ರು ಅಂದ ಮ್ಯಾಲ ಚುಕ್ಕಿನೂ ನಿಂದ್ರಬೇಕಲ್ರಿ.” ಧ್ಯಾನದ ಮೌನದ ಒಂಬತ್ತು ಸಾಲನ್ನು ಕತ್ತರಿಸಿದ ಡೆಸ್ಕಿನ ಮುಖ್ಯಸ್ಥರನ್ನು ನಾನು ಆ ಹೊತ್ತು ಮನಸಾರೆ ನೆನೆದೆ.

ಚಿತ್ರ ಮುಗಿಯಿತು. ಪ್ರಾಂಶುಪಾಲರು ಮೈಕ್ ಹಿಡಿದು, “ಸತ್ಯ ಹೇಳ್ತೀನಿ, ನನಗ ತಿಳೀಲಿಲ್ಲ. ಇನ್ನೊಮ್ಮೆ ಹಾಕ್ರಿ,” ಎಂದರು. ಹಾಕಿದರು. ಎರಡನೇ ಸಲ ಆ ಕೆಮ್ಮಿನ ಜಾಗ ಬಂದಾಗ ಯಾರೂ ನಗಲಿಲ್ಲ. ಎಲ್ಲರೂ ಕಾದರು. ಚುಕ್ಕಿ ಜಿಗಿದಾಗ ನಾಲ್ಕೈದು ಕಡೆಯಿಂದ “ಹಾಂ” ಕೇಳಿಸಿತು. ಅದರಲ್ಲಿ ಒಂದು ಪ್ರಾಂಶುಪಾಲರದು.

ಕಾಕಾರ ಹತ್ತಿರ ಹೋಗಿ, ಕಂಡಿತೇ ಎಂದು ಕೇಳಿದೆ.

“ಕಂಡಿತು ಬಾಬು. ಚುಕ್ಕಿ ಮ್ಯಾಲಕ್ಕ ಹೋಗ್ತದ, ಬಲಕ್ಕ. ನೀವು ಅವತ್ತು ಹೇಳಲಿಲ್ಲ.” ಆಮೇಲೆ, “ನಡುವ ಒಂದು ಕಡೆ ನಾ ತಾಳ ಬಿಟ್ಟು ಸ್ವಲ್ಪ ಓಡೀನಿ. ಚುಕ್ಕಿನೂ ಓಡ್ಯಾವ. ಕಿವಿಗೆ ಗೊತ್ತಾಗಿದ್ದಿಲ್ಲ ನೋಡ್ರಿ, ಕಣ್ಣಿಗೆ ಸಿಕ್ಕಿತು,” ಎಂದರು.

ಮೂರನೇ ದಿನ ಆಪರೇಷನ್ ಆಯಿತು. ಕಣ್ಣು ಬಂತು. ಈಗ ಅವರು ಫೋನಿನಲ್ಲೇ ನೋಡುತ್ತಾರೆ, ಚುಕ್ಕಿ ಸಣ್ಣದಾಯಿತು, ದೊಡ್ಡದಾಯಿತು ಎಂದು ಮಸ್ಕಿಗೆ ಫೋನ್ ಮಾಡುತ್ತಾರೆ. ಬ್ಯಾನರ್ ಮಾಡಿಸುವ ನಾಯಕರಿಗಿಂತ ಕಾಕಾರದೇ ಕಾಟ ಹೆಚ್ಚು ಎಂದು ಮಹಾದೇವಿಯ ದೂರು. ಈ ಆರು ವರ್ಷದಲ್ಲಿ ಇಬ್ಬರೂ ಸೇರಿ ಇನ್ನೂ ಮೂರು ಚಿತ್ರ ಮಾಡಿದ್ದಾರೆ. ಒಂದಕ್ಕೂ ಹೆಸರಿಲ್ಲ. ಸುದ್ದಿ ಬರೆಯುವವನಿಗೆ ಅದೊಂದು ತೊಂದರೆ. ‘ನಾಲ್ಕು ನಿಮಿಷದ್ದು’, ‘ಆರು ನಿಮಿಷದ್ದು’ ಎಂದು ಬರೆಯುತ್ತೇನೆ, ಡೆಸ್ಕಿನವರು ತೆಗೆಯುತ್ತಾರೆ.

ಐದನೆಯದು ಈಗ ನಡೆದಿದೆ. ಮೊನ್ನೆ ಮಂಗಳವಾರ ಮಸ್ಕಿಯಲ್ಲಿ ಬೇರೆ ಸುದ್ದಿಯಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಹೋದೆ. ಮಹಾದೇವಿಗೆ ಬ್ಯಾನರಿನ ಅವಸರವಿತ್ತು. ಹಣಿಗೆಯನ್ನು ನನ್ನ ಕೈಗೆ ಕೊಟ್ಟಳು. ಸಂಜೆ ಐದರವರೆಗೆ ನಾನು ಹಳದಿ ಹನಿಯೊಂದನ್ನು ಸರಿಸುತ್ತ ನೂರ ನಲವತ್ನಾಲ್ಕು ಫೋಟೊ ತೆಗೆದೆ. ಹನ್ನೆರಡು ಸೆಕೆಂಡಿನ ಚಿತ್ರ. ನಿನ್ನೆ ರಾಯಚೂರಿನ ಬಸ್ಸಿನಲ್ಲಿದ್ದಾಗ ಆಕೆಯ ಸಂದೇಶ ಬಂತು. ನನ್ನ ಹನ್ನೆರಡರಲ್ಲಿ ನಾಲ್ಕು ಸೆಕೆಂಡನ್ನು ಇಟ್ಟುಕೊಂಡಿದ್ದಾಳೆ.